ನಾಲ್ಕು ಸುತ್ತಿಗೊಂದು ಮಾತ್ರೆ

ಎಫಿಹೇನಿಯ ಝುನ್ಯೊ ಅವರನ್ನು ನಾನು ಮೊದಲು ನೋಡಿದ್ದು ಕಾರ್ನಿವಲ್ ಮುಗಿದ ಮರುವಾರದ ಮಂಗಳವಾರ, ಬೆಳಿಗ್ಗೆ ಒಂಬತ್ತೂಕಾಲಿಗೆ. ಆ ದಿನದ ರಿಜಿಸ್ಟರಿನಲ್ಲಿ ನಾನೇ ಬರೆದಿದ್ದೇನೆ, ಹಾಗಾಗಿ ಹೊತ್ತಿನ ಬಗ್ಗೆ ಅನುಮಾನವಿಲ್ಲ. ಆರೋಗ್ಯ ಕೇಂದ್ರದ ಹೊರಗಿನ ಬೆಂಚಿನಲ್ಲಿ ಐದು ಜನ ಕೂತಿದ್ದರು. ಅವರದು ಮೂರನೆಯ ಸರದಿ. ನೇರಳೆ ಬಣ್ಣದ ನೆರಿಗೆ ಲಂಗ, ಬೂದು ಶಾಲು, ಎರಡು ಜಡೆ, ಕಾಲಿಗೆ ರಬ್ಬರ್ ಬೂಟು. ತೊಡೆಯ ಮೇಲೆ ಅರ್ಧ ನೇಯ್ದ ಟೋಪಿ. ಇನ್ನೂ ನೇಯಬೇಕಾದ, ಒಣ ಹುಲ್ಲಿನಂಥ ಬಿಳಿ ಎಳೆಗಳು ಅದರ ಸುತ್ತ ಜೋತುಬಿದ್ದಿದ್ದವು. ನಮ್ಮ ಗುಡ್ಡಗಳಲ್ಲಿ ಹೆಂಗಸರು ಬಸ್ಸಿಗೆ ಕಾಯುವಾಗ, ದನ ಹೊಡೆದುಕೊಂಡು ಹೋಗುವಾಗ, ಸಭೆಯಲ್ಲಿ ಕೂತಾಗಲೂ ಟೋಪಿ ನೇಯುತ್ತಲೇ ಇರುತ್ತಾರೆ. ಹಾಗಾಗಿ ನೇಯ್ಗೆಯ ಕಡೆ ನನ್ನ ಗಮನ ಹೋಗಲಿಲ್ಲ.

ನಾನು ಹೆಸರು ಕರೆದೆ. ಅವರು ಟೋಪಿಯನ್ನು ಪಕ್ಕಕ್ಕಿಟ್ಟರು. ಇಟ್ಟ ಕೂಡಲೇ ಬಲಗೈಯ ಹೆಬ್ಬೆರಳು ತೋರುಬೆರಳಿನ ಮೇಲೆ ಉರುಳತೊಡಗಿತು, ಯಾವುದೋ ಕಾಳನ್ನು ಹೊಸೆಯುತ್ತಿರುವ ಹಾಗೆ. ಎಳೆ ಹಿಡಿದಿದ್ದಾಗ ಇರದ ನಡುಕ ಕೈ ಬಿಡುವಾದಾಗ ಬಂತು. ಬೆಂಚಿನಿಂದ ಏಳಲು ಮೂರು ಸಲ ಮುಂದೆ ಬಾಗಿದರು, ನಾಲ್ಕನೆಯ ಸಲ ಎದ್ದರು. ಬಾಗಿಲಿಗೆ ಬಂದವರು ಹೊಸ್ತಿಲ ಮುಂದೆ ಕಾಲು ಅಂಟಿಕೊಂಡಂತೆ ನಿಂತುಬಿಟ್ಟರು. ಹಿಂದೆ ಬಂದ ತಂಗಿ ಕ್ಲೋರಿಂದ ಬೆನ್ನಿಗೆ ಕೈ ಕೊಟ್ಟು, "ದಾಟೇ ಅಕ್ಕ, ಹೊಸ್ತಿಲು ಕಚ್ಚಲ್ಲ," ಅಂದರು.

ಒಳಗೆ ಕೂತ ಮೇಲೆ ಕ್ಲೋರಿಂದ ಕ್ವೆಂಕಾ ಪಟ್ಟಣದ ವೈದ್ಯರು ಕೊಟ್ಟ ಚೀಟಿಯನ್ನು ಮೇಜಿನ ಮೇಲಿಟ್ಟರು. ಪಾರ್ಕಿನ್ಸನ್ ಎಂದು ಬರೆದಿತ್ತು. ವಯಸ್ಸು ಅರವತ್ತೊಂದು.

"ಒಂದು ವರ್ಷದಿಂದ ಮುಖ ಗಂಟು ಹಾಕ್ಕೊಂಡವಳೆ ಲೀಸೆ," ಅಂದರು ಕ್ಲೋರಿಂದ. "ನಾನೇನೋ ತಪ್ಪು ಮಾಡಿದೆ, ಅದಕ್ಕೇ ಮಾತಾಡ್ತಿಲ್ಲ ಅಂತ ನಾನೂ ಮಾತು ಬಿಟ್ಟಿದ್ದೆ. ಆಮೇಲೆ ಗೊತ್ತಾಯ್ತು, ಮುಖಾನೇ ಬಿಗಿದುಕೊಂಡಿದೆ ಅಂತ."

"ಕೋಪಾನೂ ಇತ್ತು," ಅಂದರು ಎಫಿಹೇನಿಯ. ದನಿ ತೀರಾ ಸಣ್ಣದು. ನಾನು ಕುರ್ಚಿಯನ್ನು ಹತ್ತಿರ ಎಳೆದುಕೊಳ್ಳಬೇಕಾಯಿತು.

ಲೀಸೆ ಅನ್ನುವುದು ನನ್ನ ಹೆಸರಲ್ಲ. ಹಿರಿಯ ಹೆಂಗಸರನ್ನು ದೋನ್ಯ ಅನ್ನುವಂತೆ, ನರ್ಸಿಂಗ್ ಪದವಿ ಪಡೆದವರನ್ನು ನಮ್ಮ ಕಡೆ ಹಾಗೆ ಕರೆಯುತ್ತಾರೆ. ನಮ್ಮಪ್ಪ ಆಚೆ ಗುಡ್ಡದಲ್ಲಿ ಆಲೂಗಡ್ಡೆ ಬೆಳೆಯುವವರು. ಮನೆಯಲ್ಲಿ ಯಾರಿಗೂ ಇಲ್ಲದ ಪದವಿ ನನಗೆ ಸಿಕ್ಕಿ ಆಗ ನಾಲ್ಕೇ ತಿಂಗಳಾಗಿತ್ತು. ಓದಿದ್ದನ್ನೆಲ್ಲ ಒಂದೂ ಬಿಡದೆ ಹೇಳುವ ಹುರುಪು ನನ್ನದು. ಮಾತ್ರೆ ದಿನಕ್ಕೆ ಐದು, ಎರಡರ ನಡುವೆ ಮೂರು ಗಂಟೆ ಅಂತರ. ಊಟಕ್ಕೆ ಅರ್ಧ ಗಂಟೆ ಮೊದಲೇ ತೆಗೆದುಕೊಳ್ಳಬೇಕು. ಚೀಸಿನ ಜೊತೆ, ಮಾಂಸದ ಜೊತೆ ಬೇಡ. ಮೆದುಳಿನಲ್ಲಿ ಕಡಿಮೆಯಾದದ್ದನ್ನು ಈ ಮಾತ್ರೆ ತುಂಬುತ್ತದೆ, ಮೂರು ಗಂಟೆಗೆ ಅದು ಖಾಲಿಯಾಗುತ್ತದೆ, ಖಾಲಿಯಾಗುವ ಮುಂಚೆಯೇ ಮತ್ತೆ ತುಂಬಬೇಕು. ಇಷ್ಟನ್ನೂ ಎರಡು ಸಲ ಹೇಳಿದೆ.

ಎಫಿಹೇನಿಯ ತಾಳ್ಮೆಯಿಂದ ಕೇಳಿದರು. ಆಮೇಲೆ, "ಮೂರು ಗಂಟೆ ಅಂದ್ರೆ ನಾಲ್ಕು ಸುತ್ತು," ಅಂದರು.

"ಏನು ದೋನ್ಯ ಎಫಿ?"

"ಟೋಪೀದು. ತಲೆ ಕೂರೋ ಬುರುಡೆ ನೇಯುವಾಗ ನಾಲ್ಕು ಸುತ್ತು. ಅಂಚಿಗೆ ಬಂದ್ರೆ ಸುತ್ತು ದೊಡ್ಡದಾಗ್ತದೆ, ಆಗ ಮೂರೇ. ನೀನು ಚಿಂತೆ ಮಾಡಬೇಡ ಮಗಳೇ, ನಲವತ್ತೈದು ವರ್ಷದ ಕೈ ಇದು. ಇದರಷ್ಟು ಸರಿಯಾಗಿ ಗಡಿಯಾರಾನೂ ನಡೆಯಲ್ಲ."

ನಮ್ಮ ನೇಕಾರ್ತಿಯರ ಲೆಕ್ಕವೇ ಹಾಗೆ. ಜೋಳ ಬೇಯಲು ಇಷ್ಟು ಸುತ್ತು, ಸಿಗ್ಸಿಗ್ ಪೇಟೆಯಿಂದ ಬಸ್ಸು ಬರಲು ಇಷ್ಟು ಸುತ್ತು. ನನ್ನ ಅಮ್ಮನೂ ನನ್ನನ್ನು ಹೆರುವಾಗ ನೋವು ಎಷ್ಟು ಹೊತ್ತು ಇತ್ತೆಂದು ಸುತ್ತುಗಳಲ್ಲೇ ಹೇಳುತ್ತಿದ್ದರು. ನನಗೆ ಎಫಿಹೇನಿಯರ ಮಾತು ಹಿಡಿಸಿತು. ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಬೇಕು ಎಂದು ಕಾಲೇಜಿನಲ್ಲಿ ಕಲಿಸಿದ್ದರು. ಅವರ ಹಳದಿ ಕಾರ್ಡಿನ ಮೇಲೆ ನಾನೇ ದಪ್ಪ ಅಕ್ಷರದಲ್ಲಿ ಬರೆದೆ: ನಾಲ್ಕು ಸುತ್ತಿಗೊಂದು ಮಾತ್ರೆ.

ಮೊದಲ ಎರಡು ತಿಂಗಳು ಚೆನ್ನಾಗಿಯೇ ನಡೆಯಿತು. ಏಪ್ರಿಲ್ ಕೊನೆಗೆ ಕೆಡಲು ಶುರುವಾಯಿತು. ನಡೆಯುತ್ತಾ ನಡೆಯುತ್ತಾ ದಾರಿಯಲ್ಲೇ ನಿಂತುಬಿಡುತ್ತಿದ್ದರು. ಒಮ್ಮೆ ಬಾವಿಯ ಹತ್ತಿರ ನಿಂತವರನ್ನು ಕ್ಲೋರಿಂದ ಹೋಗಿ ಕರೆತರುವಷ್ಟರಲ್ಲಿ ಮಳೆಯೇ ಬಂದು ಹೋಗಿತ್ತು. ಪ್ರತಿ ಮಂಗಳವಾರ ಮಧ್ಯಾಹ್ನ ನಾನು ಗುಡ್ಡ ಹತ್ತಿ ಅವರ ಮನೆಗೆ ಹೋಗುತ್ತಿದ್ದೆ. ದಿನದ ನಲವತ್ತು ರೋಗಿಗಳು ಮುಗಿದ ಮೇಲೆ ಆ ಏರು ಹತ್ತುವುದು, ಹತ್ತಿ ಹೋಗಿ ಅದೇ ಪ್ರಶ್ನೆ ಕೇಳುವುದು. ಮಾತ್ರೆ ಸರಿಯಾಗಿ ತಗೋತಿದೀರಾ? ತಗೋತಿದೀನಿ ಮಗಳೇ. ಒಂದೂ ತಪ್ಪಿಲ್ಲವಾ? ಒಂದೂ ತಪ್ಪಿಲ್ಲ. ಕಾರ್ಡಿನಲ್ಲಿ ಟಿಕ್ ಹಾಕಿ ಇಳಿಯುವುದು.

ಜೂನ್‌ನಲ್ಲಿ ಕ್ವೆಂಕಾಕ್ಕೆ ನಾನೂ ಜೊತೆಗೆ ಹೋದೆ. "ಹೊತ್ತಿಗೆ ಸರಿಯಾಗಿ ತಗೋತಾರಾ?" ಎಂದು ವೈದ್ಯರು ನನ್ನನ್ನೇ ಕೇಳಿದರು. "ಹೌದು ಡಾಕ್ಟರ್, ಗಡಿಯಾರದಂತೆ," ಅಂದೆ. ಹಾಗಿದ್ದರೆ ರೋಗ ಮುಂದುವರಿದಿದೆ ಎಂದು ಅವರು ಮಾತ್ರೆಯ ಪ್ರಮಾಣ ಹೆಚ್ಚಿಸಿದರು. ನನ್ನ ಮಾತು ನಂಬಿದರೆ ಅವರು ಮಾಡಬೇಕಾದದ್ದು ಅದೇ ಆಗಿತ್ತು.

ಹೆಚ್ಚಿಸಿದ ಮೇಲೆ ಹೊಸ ಕಾಟ ಬಂತು. ಮಾತ್ರೆ ನುಂಗಿದ ಒಂದು ಗಂಟೆಗೆ ಭುಜ, ಕತ್ತು ತಮ್ಮಷ್ಟಕ್ಕೆ ತಾವೇ ಬಳುಕುತ್ತಿದ್ದವು. ಅದು ಇಳಿದ ಮೇಲೆ ಮತ್ತೆ ಕಲ್ಲಿನಂತೆ ಬಿಗಿತ.

"ನೋಡ್ರೀ, ನಮ್ಮಕ್ಕ ಮದುವೆ ಮನೇಲಿ ಒಂದು ಹೆಜ್ಜೆ ಹಾಕಿದವಳಲ್ಲ," ಅಂದರು ಕ್ಲೋರಿಂದ. "ಈಗ ಬ್ಯಾಂಡು ಇಲ್ದೇನೇ ಕುಣೀತಾಳೆ."

"ನೀನು ಕೋಳಿಗೆ ಕಾಳು ಹಾಕು ಹೋಗು," ಅಂದರು ಎಫಿಹೇನಿಯ. ಆ ಸಣ್ಣ ದನಿಯಲ್ಲಿ ಬೈಗುಳವೂ ಬೇಡಿಕೆಯಂತೆ ಕೇಳಿಸಿತು.

ಅವರನ್ನು ಹೆಚ್ಚು ಕಾಡಿದ್ದು ಇದೊಂದೂ ಅಲ್ಲ, ಟೋಪಿ. ನೇಕಾರ್ತಿಯರ ಸಂಘದಲ್ಲಿ ಎರಡು ಪಟ್ಟಿ ಇವೆ. ನಯ ನೇಯ್ಗೆಯವರದು ಒಂದು, ದಪ್ಪ ನೇಯ್ಗೆಯವರದು ಇನ್ನೊಂದು. ನಯ ನೇಯ್ಗೆಯ ಪಟ್ಟಿಯಲ್ಲಿ ಹದಿಮೂರು ಹೆಸರಿದ್ದವು. ಎಫಿಹೇನಿಯ ಹದಿನಾರನೇ ವಯಸ್ಸಿನಿಂದ ಅದರಲ್ಲಿದ್ದವರು, ಅವರ ತಾಯಿಯೂ ಇದ್ದವರು. ಈಗ ಅವರ ಟೋಪಿಗಳು ಒಂದರ ಹಿಂದೊಂದು ವಾಪಸು ಬರುತ್ತಿದ್ದವು. ಸಂಘದ ಅಧ್ಯಕ್ಷೆ ದೋನ್ಯ ಎಲ್ವೀರ ಮುಖ ನೋಡಿ ಮಾತಾಡುವವರಲ್ಲ. ಜುಲೈ ಮೊದಲ ವಾರ ಮನೆಗೇ ಬಂದು ಹೇಳಿದರು:

"ಎಫಿ, ಆಗಸ್ಟ್ ಕೊನೇ ಗುರುವಾರದೊಳಗೆ ಒಂದೇ ಒಂದು ಟೋಪಿ ಕೊಡು. ನೆತ್ತಿಯಿಂದ ಅಂಚಿನ ತನಕ ಒಂದೇ ಸಮ ಇರಬೇಕು. ಇಲ್ಲಾಂದ್ರೆ ನಿನ್ನ ಹೆಸರು ತೆಗೀಬೇಕಾಗ್ತದೆ. ನನಗೂ ಇಷ್ಟ ಇಲ್ಲ."

"ತೆಗೆದು ಎಲ್ಲಿಗೆ ಹಾಕ್ತೀಯ?"

"ಕ್ಲೋರಿಂದ ಜೊತೆ."

"ಅವಳ ಪಟ್ಟಿಗಾ!" ಅಂದರು ಎಫಿಹೇನಿಯ. ಕ್ಲೋರಿಂದ ಒಳಗಿಂದಲೇ, "ಬಾ ಬಾ, ನಮ್ಮ ಕಡೆ ಜಾಗ ಬೇಕಾದಷ್ಟಿದೆ," ಎಂದು ಕೂಗಿದರು. ಯಾರೂ ನಗಲಿಲ್ಲ.

ಆ ವಾರ ನಾನು ಹೋದಾಗ ವಾಪಸು ಬಂದ ಟೋಪಿಯೊಂದು ಕಿಟಕಿಯ ಮೊಳೆಗೆ ನೇತುಬಿದ್ದಿತ್ತು. ಹೊರಗಿನ ಬೆಳಕು ಅದರ ಮೂಲಕ ಬರುತ್ತಿತ್ತು. ದಣಿದಿದ್ದೆ, ಸುಮ್ಮನೆ ಅದನ್ನೇ ನೋಡುತ್ತಾ ಕೂತೆ. ಬುರುಡೆಯಲ್ಲಿ ಪಟ್ಟೆಗಳು ಕಂಡವು. ಎರಡು ಸುತ್ತು ಬಿಗಿ, ಬೆಳಕೇ ಬಾರದಷ್ಟು. ಮೂರನೆಯದು ಸ್ವಲ್ಪ ಸಡಿಲ. ನಾಲ್ಕನೆಯದರಲ್ಲಿ ಜಾಲರಿಯಂತೆ ಬೆಳಕು. ಮತ್ತೆ ಎರಡು ಬಿಗಿ, ಒಂದು ಸಡಿಲ, ಒಂದು ಜಾಲರಿ. ಟೋಪಿ ಪೂರ್ತಿ ಹೀಗೇ. ನಾನು ಎದ್ದು ಹೋಗಿ ಬೆರಳಿಟ್ಟು ಎಣಿಸಿದೆ. ನಾಲ್ಕು, ನಾಲ್ಕು, ನಾಲ್ಕು.

"ದೋನ್ಯ ಎಫಿ, ಮಾತ್ರೆ ಯಾವಾಗ ತಗೋತೀರಿ?"

"ನೀನೇ ಬರೆದುಕೊಟ್ಟಿದೀಯಲ್ಲ."

ಶನಿವಾರ ನನಗೆ ರಜೆ. ಬೆಳಿಗ್ಗೆ ಏಳಕ್ಕೆ ಮೊದಲೇ ಅವರ ಮನೆಯಲ್ಲಿದ್ದೆ. ಅವರು ಮೊದಲ ಮಾತ್ರೆ ನುಂಗಿದರು. ಏಳೂವರೆಗೆ ಕೈ ಸಡಿಲವಾಯಿತು, ಎಳೆಗಳನ್ನು ನೀರಲ್ಲಿ ಒದ್ದೆ ಮಾಡಿ ನೇಯಲು ಕೂತರು. ಎದುರು ಕೂತು ನಾನು ನನ್ನ ಕೈಗಡಿಯಾರ ನೋಡಿ ಬರೆಯುತ್ತಾ ಹೋದೆ. ಮೊದಲ ಸುತ್ತು ನಲವತ್ತು ನಿಮಿಷ. ಎರಡನೆಯದೂ ಹೆಚ್ಚುಕಡಿಮೆ ಅಷ್ಟೇ. ಮೂರನೆಯದಕ್ಕೆ ಐವತ್ತು ದಾಟಿತು. ನಾಲ್ಕನೆಯದು ಶುರುವಾದಾಗ ಒಂಬತ್ತೂ ಮುಕ್ಕಾಲು. ಹತ್ತಾಯಿತು, ಸುತ್ತು ಮುಗಿಯಲಿಲ್ಲ. ಬೆರಳುಗಳು ನಿಧಾನವಾದವು. ಎಳೆ ಹಿಡಿದು ಮೇಲೆತ್ತುವುದಕ್ಕೂ ಅದನ್ನು ಕೆಳಗೆ ತೂರಿಸುವುದಕ್ಕೂ ನಡುವೆ ಒಂದು ಉಸಿರಿನಷ್ಟು ಅಂತರ, ಆಮೇಲೆ ಎರಡು ಉಸಿರಿನಷ್ಟು. ಹತ್ತೂವರೆ. ಬೆನ್ನು ಬಾಗಿತು, ತುಟಿಯ ಮೂಲೆಯಿಂದ ಜೊಲ್ಲು ಇಳಿಯಿತು. ಮಾತ್ರೆ ಕೈಗೆಟಕುವಲ್ಲಿ, ನೀರಿನ ಬಟ್ಟಲಿನ ಪಕ್ಕದಲ್ಲೇ ಇತ್ತು.

"ಈಗ ತಗೊಳ್ಳಿ ದೋನ್ಯ ಎಫಿ."

"ಸುತ್ತು ಮುಗಿದಿಲ್ಲ."

"ಹೊತ್ತು ಮುಗಿದಿದೆ."

"ಇಲ್ಲ ಮಗಳೇ. ಇನ್ನು ನಾಲ್ಕು ಬೆರಳಷ್ಟಿದೆ. ಮೂರು ಗಂಟೆ ಆಗಿಲ್ಲ."

ಹನ್ನೊಂದು ಹೊಡೆಯಲು ಐದು ನಿಮಿಷವಿದ್ದಾಗ ಸುತ್ತು ಮುಗಿಯಿತು, ಮಾತ್ರೆ ನುಂಗಿದರು. ಅದು ಮೈಗೆ ಹತ್ತಲು ಮತ್ತೆ ಮುಕ್ಕಾಲು ಗಂಟೆ. ಎರಡನೆಯ ನಾಲ್ಕು ಸುತ್ತು ಮುಗಿಯುವಷ್ಟರಲ್ಲಿ ಮಧ್ಯಾಹ್ನ ಮೂರು ಗಂಟೆ ದಾಟಿತ್ತು. ನನ್ನ ಕಾಗದದಲ್ಲಿ ಎಲ್ಲ ಬರೆದಿತ್ತು. ಅವರ ಲೆಕ್ಕದಲ್ಲಿ ಅಂಚಿಗೆ ಬಂದಾಗ ಸುತ್ತು ದೊಡ್ಡದಾಗುವುದು ಸೇರಿತ್ತು, ಒಣ ಹವೆಯಲ್ಲಿ ಎಳೆ ಮುರಿಯುವುದೂ ಸೇರಿತ್ತು. ಕೈಯೇ ನಿಧಾನವಾಗುವುದು ಮಾತ್ರ ಸೇರಿರಲಿಲ್ಲ. ಮಾತ್ರೆಯ ಬಲ ಇಳಿದಷ್ಟೂ ಕೈ ನಿಧಾನ. ಕೈ ನಿಧಾನವಾದಷ್ಟೂ ಮುಂದಿನ ಮಾತ್ರೆ ತಡ. ದಿನಕ್ಕೆ ಐದು ನುಂಗಬೇಕಾದವರು ಕತ್ತಲಾಗಿ ನೇಯ್ಗೆ ನಿಲ್ಲುವಷ್ಟರಲ್ಲಿ ಮೂರೇ ನುಂಗುತ್ತಿದ್ದರು, ಒಂದೂ ತಪ್ಪಿಲ್ಲ ಎಂದು ಪ್ರಾಮಾಣಿಕವಾಗಿ ಹೇಳುತ್ತಿದ್ದರು.

"ಭಾನುವಾರ ನೇಯೋದಿಲ್ಲವಲ್ಲ, ಆಗೇನು ಮಾಡ್ತೀರಿ?" ಎಂದು ಕೇಳಿದೆ.

"ಕ್ಲೋರಿಂದ ನೇಯೋದನ್ನ ಎಣಿಸ್ತೀನಿ. ದಪ್ಪ ನೇಯ್ಗೆ, ಅದಕ್ಕೆ ಆರು ಸುತ್ತು."

"ನಾನು ಮಧ್ಯ ಮಧ್ಯ ಪಕ್ಕದ ಮನೆಗೆ ಹೋಗಿರ್ತೀನಲ್ಲೇ!" ಅಂದರು ಕ್ಲೋರಿಂದ.

"ಅದಕ್ಕೇ ಭಾನುವಾರ ಅಷ್ಟು ಉದ್ದ."

ಕ್ಲೋರಿಂದ ಒಳಗೆ ಹೋಗಿ ಬಿಸ್ಕತ್ತಿನ ಡಬ್ಬಿ ತಂದು ನನ್ನ ಮುಂದೆ ತೆರೆದರು. ಉಳಿದ ಮಾತ್ರೆಗಳು ಅದರ ತುಂಬ ಇದ್ದವು. ಔಷಧಿ ಬರುವುದು ತಡವಾದರೆ ಇರಲಿ ಎಂದು ಅಕ್ಕ ಜೋಪಾನ ಮಾಡಿದ್ದಾಳೆ ಎಂದು ಅವರು ತಿಳಿದಿದ್ದರಂತೆ. ನಾನು ಹಳದಿ ಕಾರ್ಡ್ ಕೇಳಿ ಪಡೆದು, ನನ್ನ ಅಕ್ಷರಗಳ ಮೇಲೆ ಗೆರೆ ಎಳೆದೆ. ತಪ್ಪು ನನ್ನದು ಎಂದು ಅವರಿಬ್ಬರ ಮುಂದೆ ಹೇಳಿದೆ. ಏಳು, ಹತ್ತು, ಒಂದು, ನಾಲ್ಕು, ಏಳು ಎಂದು ಬರೆದುಕೊಟ್ಟೆ. ಗಡಿಯಾರ ನೋಡಿಯೇ ತೆಗೆದುಕೊಳ್ಳಬೇಕು, ಸುತ್ತು ನಡುವಿನಲ್ಲಿದ್ದರೂ ಬಿಟ್ಟೇಳಬೇಕು ಎಂದೆ.

ಎಫಿಹೇನಿಯ ಕಾರ್ಡ್ ಎತ್ತಿಕೊಂಡು ಗೆರೆ ಎಳೆದ ಅಕ್ಷರಗಳ ಮೇಲೆ ಬೆರಳಾಡಿಸಿದರು.

"ಅಂದ್ರೆ, ನನ್ನ ಕೈ ಸುಳ್ಳು ಹೇಳ್ತಿದೆ ಅಂತೀಯ."

"ಸುಳ್ಳಲ್ಲ ದೋನ್ಯ ಎಫಿ. ಕಾಯಿಲೆ."

"ನಲವತ್ತೈದು ವರ್ಷ ಇದು ಹೇಳಿದ್ದನ್ನೇ ನಂಬಿದೀನಿ." ಮುಖದಲ್ಲಿ ಏನೂ ಕಾಣಿಸಲಿಲ್ಲ, ಕಣ್ಣಿನಿಂದ ನೀರು ಮಾತ್ರ ಇಳಿಯಿತು. ಅದನ್ನು ಒರೆಸಿಕೊಳ್ಳಲು ಕೈ ಮೇಲೇರುವುದಕ್ಕೂ ಹೊತ್ತು ಹಿಡಿಯಿತು. "ಟೋಪಿ ಸಮ ಬರ್ತದಾ?"

"ಬರಬೇಕು."

"ಬರ್ತದೆ ಅನ್ನು, ಇಲ್ಲಾ ಬರಲ್ಲ ಅನ್ನು."

ನನಗೆ ಗೊತ್ತಿಲ್ಲ ಅಂದೆ. ಅವರು ತಲೆಯಾಡಿಸಿ, ಅರ್ಧವಾಗಿದ್ದ ಆ ಟೋಪಿಯನ್ನು ಬದಿಗಿಟ್ಟು, ಹೊಸದಕ್ಕೆ ಎಳೆ ಆರಿಸತೊಡಗಿದರು.

ಸೋಮವಾರ ಕ್ವೆಂಕಾದ ವೈದ್ಯರಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. ಅವರು ಬೈಯಲಿಲ್ಲ. ಹಳೆಯ ಪ್ರಮಾಣಕ್ಕೇ ಇಳಿಸಿ, ಹೊತ್ತು ತಪ್ಪದಂತೆ ಕೊಡಿ ಅಂದರು. ಕ್ಲೋರಿಂದರ ಫೋನಿನಲ್ಲಿ ಐದು ಅಲಾರಂ ಇಟ್ಟೆವು. ಅದಕ್ಕೆ ಯಾವ ಸದ್ದು ಬೇಕೆಂದು ಕೇಳಿದರೆ ಕ್ಲೋರಿಂದ ಕೋಳಿ ಕೂಗುವುದನ್ನು ಆರಿಸಿದರು. ದಿನಕ್ಕೆ ಐದು ಸಲ ಆ ಮನೆಯಲ್ಲಿ ಹುಂಜ ಕೂಗಿತು, ಅಂಗಳದ ನಿಜವಾದ ಹುಂಜ ಐದು ಸಲವೂ ಜಗಳಕ್ಕೆ ಬಂತು.

ಬಳುಕು ಎರಡು ವಾರದಲ್ಲಿ ನಿಂತಿತು. ಬಾವಿಯ ದಾರಿಯಲ್ಲಿ ನಿಂತುಬಿಡುವುದು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಮಾತ್ರೆ ಹೊತ್ತಿಗೆ ಸರಿಯಾಗಿ ತೆಗೆದುಕೊಂಡರೂ ಬೆಳಗಿನ ಎರಡು ಮಾತ್ರೆಗಳ ನಂತರ ಕೈ ಚೆನ್ನಾಗಿರುತ್ತಿತ್ತು, ಮಧ್ಯಾಹ್ನದ ಮೇಲೆ ಅಷ್ಟಿಲ್ಲ. ಎಫಿಹೇನಿಯ ತಾವೇ ಒಂದು ನಿಯಮ ಮಾಡಿಕೊಂಡರು. ಬೆರಳು ಭಾರ ಅನ್ನಿಸಿದ ಕೂಡಲೇ ಟೋಪಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡುವುದು. ಮೊದಲ ದಿನಗಳಲ್ಲಿ ಸುತ್ತಿನ ನಡುವೆ ಎದ್ದಾಗ ಅವರ ಕೈ ಮತ್ತೆ ಮತ್ತೆ ಟೋಪಿಯ ಕಡೆಗೇ ಹೋಗುತ್ತಿತ್ತು. ಸುತ್ತು ಅರ್ಧಕ್ಕೆ ಬಿಟ್ಟೇಳುವ ನೇಕಾರ್ತಿಯನ್ನು ನಮ್ಮಲ್ಲಿ ಸೋಮಾರಿ ಅನ್ನುತ್ತಾರೆ. ಹಾಗೆ ಬಿಟ್ಟು ಎದ್ದು, ಗೋಡೆಗೆ ಒರಗಿ, ಕೈ ಮಡಿಲಲ್ಲಿಟ್ಟು ಮಾತ್ರೆ ಹತ್ತುವುದನ್ನು ಕಾಯುತ್ತಾ ಕೂರುವುದು ನೇಯುವುದಕ್ಕಿಂತ ದಣಿವಿನ ಕೆಲಸ ಎಂದು ಅವರು ಒಮ್ಮೆ ನನಗೆ ಹೇಳಿದರು. ದಿನದಲ್ಲಿ ನೇಯ್ದದ್ದು ಮೂರು ಗಂಟೆ, ಕಾದದ್ದು ಉಳಿದದ್ದೆಲ್ಲ.

ಟೋಪಿ ಸಮ ಬಂತು. ಬೆಳಕಿಗೆ ಹಿಡಿದರೆ ಎಲ್ಲೂ ಪಟ್ಟೆಯಿಲ್ಲ. ಆದರೆ ಮೂರು ಗಂಟೆಯ ದಿನಗಳಲ್ಲಿ ಅದು ಎಷ್ಟು ಬೆಳೆಯಬೇಕೋ ಅಷ್ಟೇ ಬೆಳೆಯಿತು. ಆಗಸ್ಟ್ ಕೊನೆಯ ಗುರುವಾರ ಬಂದಾಗ ಬುರುಡೆ ಮುಗಿದು, ಅಂಚು ಎರಡು ಬೆರಳಷ್ಟು ಮಾತ್ರ ಆಗಿತ್ತು.

"ಮಧ್ಯಾಹ್ನಾನೂ ನೇಯ್ದಿದ್ರೆ ಮುಗೀತಿತ್ತು," ಅಂದರು ಕ್ಲೋರಿಂದ, ಸಂಘಕ್ಕೆ ಹೋಗುವ ದಾರಿಯಲ್ಲಿ. ಅವತ್ತು ನಾನೂ ರಜೆ ಹಾಕಿ ಜೊತೆಗೆ ಹೊರಟಿದ್ದೆ.

"ಮುಗೀತಿತ್ತು. ಜಾಲರಿಯಾಗಿ."

ಸಂಘದ ಕೋಣೆಯಲ್ಲಿ ದೋನ್ಯ ಎಲ್ವೀರ ಟೋಪಿಯನ್ನು ಬಾಗಿಲ ಬೆಳಕಿಗೆ ಹಿಡಿದರು. ತಿರುಗಿಸಿದರು, ಉಗುರಿನಿಂದ ಕೆರೆದರು, ಮತ್ತೆ ಹಿಡಿದರು. ಸುತ್ತ ಕೂತವರೆಲ್ಲ ಕೈಯ ಕೆಲಸ ನಿಲ್ಲಿಸದೇ ನೋಡುತ್ತಿದ್ದರು.

"ಎಫಿ, ಇದು ನೀನೇ ನೇಯ್ದದ್ದಾ? ಇದರಲ್ಲಿ ಕ್ಲೋರಿಂದ ಕೈ ಸೇರಿಲ್ಲ ತಾನೆ?"

"ನನ್ನ ಕೈ ಸೇರಿದ್ದಿದ್ರೆ ಅದು ಕೋಳಿ ಮುಚ್ಚೋ ಬುಟ್ಟಿ ಆಗಿರ್ತಿತ್ತು," ಅಂದರು ಕ್ಲೋರಿಂದ. ಆಗ ಎಲ್ಲರೂ ನಕ್ಕರು.

ಅಷ್ಟರಲ್ಲಿ ಹತ್ತಾಯಿತು, ಫೋನಿನ ಹುಂಜ ಕೂಗಿತು. ಎಫಿಹೇನಿಯ ಎಲ್ಲರ ಮುಂದೆ ಮಾತ್ರೆ ತೆಗೆದು ನೀರು ಕುಡಿದರು. "ನೋಡಬೇಕಂದ್ರೆ ಅರ್ಧ ಗಂಟೆ ಕಾಯಿರಿ," ಅಂದರು. ಕಾದರು. ಅರ್ಧ ಗಂಟೆ ಹೋಗಿ ಮುಕ್ಕಾಲು ಗಂಟೆಯಾಯಿತು. ಆಮೇಲೆ ಅವರು ಟೋಪಿಯನ್ನು ಕೈಗೆ ತೆಗೆದುಕೊಂಡು ಒಂದಷ್ಟು ನೇಯ್ದರು.

"ಕೈ ಇದೆ," ಅಂದರು ಎಲ್ವೀರ ಕೊನೆಗೆ. "ಆದ್ರೆ ನಾನು ಟೋಪಿ ಕೇಳಿದ್ದೆ ಎಫಿ. ಇದು ಟೋಪಿ ಅಲ್ಲ. ವರ್ಷಕ್ಕೆ ಮೂರೋ ನಾಲ್ಕೋ ಕೊಡೋರನ್ನ ಪಟ್ಟೀಲಿ ಇಟ್ಕೊಂಡ್ರೆ ಉಳಿದ ಹನ್ನೆರಡು ಜನಕ್ಕೆ ನಾನು ಏನು ಹೇಳಲಿ?"

"ಹೇಳಬೇಡ. ತೆಗೀ," ಅಂದರು ಎಫಿಹೇನಿಯ.

ಎಲ್ವೀರ ಪುಸ್ತಕ ತೆರೆದು ಹೆಸರು ಹೊಡೆದುಹಾಕಿದರು. ಪುಸ್ತಕ ಮುಚ್ಚಿದ ಮೇಲೂ ಟೋಪಿ ವಾಪಸು ಕೊಡಲಿಲ್ಲ. ಅದರ ನೆತ್ತಿಯನ್ನು, ಎಂಟು ಎಳೆ ಒಂದರ ಮೇಲೊಂದು ಹಾದು ಶುರುವಾಗುವ ಅಂಗೈಯಗಲದ ಜಾಗವನ್ನು, ಹೆಬ್ಬೆರಳಿನಿಂದ ಸವರುತ್ತಾ ಕೂತಿದ್ದರು. ನಯ ಟೋಪಿಯಲ್ಲಿ ಕಷ್ಟದ ಕೆಲಸವೇ ಅದು. ಅದು ಸೊಟ್ಟಗಾದರೆ ಮುಂದೆ ಏನು ಮಾಡಿದರೂ ಟೋಪಿ ನೆಟ್ಟಗಾಗುವುದಿಲ್ಲ.

"ಇದಕ್ಕೆ ಎಷ್ಟು ಹೊತ್ತು ಹಿಡೀತು?"

ಎಫಿಹೇನಿಯ ಬಾಯಿ ತೆರೆದರು. ಸುತ್ತಿನ ಲೆಕ್ಕ ಹೇಳಲು ಹೊರಟವರು ತಡೆದುಕೊಂಡರು ಅನ್ನಿಸಿತು ನನಗೆ. "ಎರಡು ಗಂಟೆ," ಅಂದರು. "ಒಂದು ಮಾತ್ರೆಯೊಳಗೆ ಮುಗೀತು."

"ನಮ್ಮ ಎಳೇ ಹೆಂಗಸರು ನೆತ್ತೀಲೇ ಸೋಲ್ತಾರೆ. ನೀನು ನೆತ್ತಿ ಕಟ್ಟಿಕೊಡು. ಮುಂದಿನದು ಅವರು ನೇಯ್ಕೋತಾರೆ."

"ಅಂದ್ರೆ ಶುರು ನಂದು, ಟೋಪಿ ಬೇರೆಯವರದು."

"ಹೌದು."

ಎಫಿಹೇನಿಯ ಕೈ ಚಾಚಿ ತಮ್ಮ ಟೋಪಿಯನ್ನು ತೆಗೆದುಕೊಂಡರು. ಏಳಲು ಮುಂದೆ ಬಾಗಿದರು, ಕ್ಲೋರಿಂದ ತೋಳು ಹಿಡಿದರು. ಹಿಂದಿರುಗುವಾಗ ಏರಿನ ಅರ್ಧದಲ್ಲಿ ಕಲ್ಲಿನ ಮೇಲೆ ಕೂತೆವು. ಮೂವರಿಗೂ ಏದುಸಿರು ಬಂದಿತ್ತು.

"ಇಡೀ ಟೋಪಿ ಇನ್ನಿಲ್ಲ ಮಗಳೇ," ಅಂದರು. ಅದು ದೂರಲ್ಲ, ಪ್ರಶ್ನೆಯೂ ಅಲ್ಲ. ಒಂದು ಗಂಟೆಯ ಮಾತ್ರೆಯ ಹೊತ್ತಿಗೆ ಮನೆ ತಲುಪಬೇಕಿತ್ತು, ತಲುಪಿದೆವು.

ಇದೆಲ್ಲ ಆಗಿ ಎರಡು ವರ್ಷವಾಯಿತು. ಈಗ ದೋನ್ಯ ಎಫಿ ಸಂಘದ ಎಳೆಯ ಹೆಂಗಸರಿಗಾಗಿ ಟೋಪಿಯ ನೆತ್ತಿಗಳನ್ನು ಮಾತ್ರ ನೇಯುತ್ತಾರೆ. ಏಳರ ಮಾತ್ರೆಗೂ ಹತ್ತರ ಮಾತ್ರೆಗೂ ನಡುವೆ ಒಂದು, ಮೈ ಚೆನ್ನಾಗಿದ್ದ ದಿನ ಹತ್ತಕ್ಕೂ ಒಂದಕ್ಕೂ ನಡುವೆ ಇನ್ನೊಂದು. ಮಧ್ಯಾಹ್ನದ ಮೇಲೆ ನೇಯುವುದಿಲ್ಲ.